ನೋಟ್‌ಬುಕ್ಕು ಪೋಡಿನಲ್ಲೇ ಉಳಿಯಲಿ: ಆದಿವಾಸಿಗಳ ಜೊತೆ ಹಳ್ಳ-ಹೊಳೆ ಕಾಯಲು ಹೊರಟವರಿಗೆ

ಅಮೆಜಾನ್ ನದಿಯಲ್ಲಿ ಪಿರಾರುಕು ಎಂಬ ಮೀನಿದೆ. ಮೂರು ಮೀಟರ್‌ವರೆಗೆ ಬೆಳೆಯುತ್ತದೆ, ಇನ್ನೂರು ಕಿಲೋ ತೂಗಬಲ್ಲದು. ನೀರಲ್ಲೇ ಹುಟ್ಟಿ ನೀರಲ್ಲೇ ಸಾಯುವ ಮೀನಾದರೂ ಉಸಿರಿಗೆ ಅದಕ್ಕೆ ಗಾಳಿಯೇ ಬೇಕು. ಐದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಮೇಲೆ ಬಂದು, ಗಾಳಿ ನುಂಗಿ, ಮತ್ತೆ ಮುಳುಗುತ್ತದೆ. ಬ್ರೆಜಿಲ್‌ನ ಮಾಮಿರಾವಾ ಎಂಬಲ್ಲಿನ ಮೀನುಗಾರರು ದೋಣಿಯಲ್ಲಿ ಸದ್ದಿಲ್ಲದೆ ಕೂತು, ಮೀನು ಮೇಲೆದ್ದ ಸಪ್ಪಳವನ್ನೂ ನೀರು ಕದಡಿದ ರೀತಿಯನ್ನೂ ನೋಡಿ, ಈ ಕೆರೆಯಲ್ಲಿ ದೊಡ್ಡವು ಇಷ್ಟು, ಮರಿ ಇಷ್ಟು ಅಂತ ಹೇಳುತ್ತಿದ್ದರು.

ಲಿಯಾಂದ್ರೊ ಕಾಸ್ತೆಲ್ಲೊ ಎಂಬ ವಿಜ್ಞಾನಿ ಈ ಮಾತನ್ನು ಹೊಗಳಿ ಬಿಟ್ಟುಬಿಡಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಎಣಿಕೆಗೊಂದು ಕ್ರಮ ನಿಗದಿಯಾಯಿತು: ಒಬ್ಬೊಬ್ಬರಿಗೂ ಕೆರೆಯ ಒಂದೊಂದು ಭಾಗ, ಒಂದು ಸಲಕ್ಕೆ ಇಪ್ಪತ್ತು ನಿಮಿಷ, ಒಂದೂವರೆ ಮೀಟರ್‌ಗಿಂತ ದೊಡ್ಡದು ಬೇರೆ, ಚಿಕ್ಕದು ಬೇರೆ. ಆಮೇಲೆ ಮೀನುಗಳನ್ನು ಹಿಡಿದು, ಗುರುತು ಹಾಕಿ, ಬಿಟ್ಟು, ಮತ್ತೆ ಹಿಡಿದು ಲೆಕ್ಕ ಹಾಕುವ ಪುಸ್ತಕದ ಪದ್ಧತಿಯಿಂದಲೂ ಸಂಖ್ಯೆ ತೆಗೆದರು. ಎರಡೂ ಬಹಳ ಹತ್ತಿರ ಬಂದವು. 2004ರಲ್ಲಿ ಇದು ಪ್ರಕಟವಾಯಿತು. ಮೀನುಗಾರರ ಎಣಿಕೆಗೆ ತಗಲುವ ಹೊತ್ತು, ಖರ್ಚು ಎರಡೂ ಪುಸ್ತಕದ ಪದ್ಧತಿಗಿಂತ ಎಷ್ಟೋ ಕಡಿಮೆ. ಹೀಗೆ ಎಣಿಸಿ, ಬೆಳೆದ ಮೀನುಗಳಲ್ಲಿ ನೂರಕ್ಕೆ ಮೂವತ್ತನ್ನು ಮೀರದಷ್ಟು ಮಾತ್ರ ಹಿಡಿಯಲು ಅನುಮತಿ ಕೊಡುವ ವ್ಯವಸ್ಥೆ 1999ರಿಂದ ಅಲ್ಲಿ ಬೆಳೆದು ಬಂತು. ಕಡಿಮೆಯಾಗಿದ್ದ ಮೀನು ಮತ್ತೆ ತುಂಬಿಕೊಂಡಿತು. ಮಾಮಿರಾವಾದವರು ನದಿದಂಡೆಯ ಮಿಶ್ರ ಮೂಲದ ಜನ. ಅವರಿಂದ ಈ ಪದ್ಧತಿ ಪೌಮರಿ, ದೆನಿ ಎಂಬ ಆದಿವಾಸಿಗಳ ಕೆರೆಗಳಿಗೂ ಹೋಯಿತು.

ನಮ್ಮಲ್ಲಿ ‘ಆದಿವಾಸಿಗಳ ಸಹಭಾಗಿತ್ವದಲ್ಲಿ ಜಲಸಂರಕ್ಷಣೆ’ ಎಂದು ಬ್ಯಾನರ್ ಕಟ್ಟಿದ ಕಡೆ ಹೆಚ್ಚಿನಂಶ ನಡೆಯುವುದು ಇದಕ್ಕೆ ತಿರುಗುಮುರುಗು. ಪ್ರಶ್ನೆ ಪಟ್ಟಣದಲ್ಲಿ ಹುಟ್ಟುತ್ತದೆ, ಹಾಡಿಯವರು (ಹಾಡಿ ಅಂದರೆ ಆದಿವಾಸಿಗಳ ಊರು, ಸೋಲಿಗರು ಅದನ್ನೇ ಪೋಡು ಅನ್ನುತ್ತಾರೆ) ದಾರಿ ತೋರಿಸುತ್ತಾರೆ, ಚೀಲ ಹೊರುತ್ತಾರೆ, ಉತ್ತರ ಮತ್ತೆ ಪಟ್ಟಣಕ್ಕೆ ಹೋಗುತ್ತದೆ. ಬಿಳಿಗಿರಿರಂಗನ ಬೆಟ್ಟ, ನಾಗರಹೊಳೆ, ಉತ್ತರ ಕನ್ನಡದ ಕಡೆ ಹೊಳೆ-ಹಳ್ಳಗಳ ಮೇಲೆ ಕೆಲಸ ಮಾಡಬೇಕೆಂದಿರುವ ವಿದ್ಯಾರ್ಥಿಗಳಿಗೆ, ಸಂಸ್ಥೆಗಳಲ್ಲಿ ಹೊಸದಾಗಿ ಸೇರಿದವರಿಗೆ ಈ ಲೇಖನ. ಬೇರೆ ದೇಶಗಳ ಉದಾಹರಣೆ ತಂದಿರುವುದು ಅಲ್ಲಿನವರು ದುಬಾರಿ ಬೆಲೆ ತೆತ್ತು ಕಲಿತದ್ದು ನಮಗೂ ದಕ್ಕಲಿ ಎಂದು.

1. ಬೂಟು ಹಾಕುವ ಮೊದಲು ಕಾಯ್ದೆ ಓದಿ

2006ರ ಅರಣ್ಯ ಹಕ್ಕು ಕಾಯ್ದೆಯನ್ನು ಜಮೀನಿನ ಹಕ್ಕುಪತ್ರದ ಕಾಯ್ದೆ ಅಂತಲೇ ತುಂಬ ಜನ ತಿಳಿದಿದ್ದಾರೆ. ನೀರಿನ ಕೆಲಸ ಮಾಡುವವರು ಅದರ ಎರಡು ಸೆಕ್ಷನ್‌ಗಳನ್ನಾದರೂ ಸಾವಧಾನವಾಗಿ ಓದಬೇಕು. ಮೂರನೇ ಸೆಕ್ಷನ್ನಿನಲ್ಲಿ ಮೀನು ಮತ್ತು ನೀರಿನ ಇತರ ಉತ್ಪನ್ನಗಳ ಮೇಲಿನ ಸಮುದಾಯದ ಹಕ್ಕು, ತಾವು ಹಿಂದಿನಿಂದ ಕಾಪಾಡಿಕೊಂಡು ಬಂದ ಕಾಡನ್ನು ರಕ್ಷಿಸುವ, ನಿರ್ವಹಿಸುವ ಹಕ್ಕು, ಪಾರಂಪರಿಕ ಜ್ಞಾನದ ಮೇಲೆ ಸಮುದಾಯಕ್ಕಿರುವ ಬೌದ್ಧಿಕ ಹಕ್ಕು ಇವೆಲ್ಲ ಬರುತ್ತವೆ. ಐದನೇ ಸೆಕ್ಷನ್ನು ಜಲಾನಯನ ಪ್ರದೇಶ, ನೀರಿನ ಮೂಲಗಳು ಸರಿಯಾಗಿ ರಕ್ಷಿತವಾಗಿವೆಯೇ ಎಂದು ನೋಡಿಕೊಳ್ಳುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮಸಭೆಗೂ ಕೊಡುತ್ತದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕುಗಳು ಸಿಕ್ಕವು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಹಾಗಾಗಿ ಅಲ್ಲಿಗೆ ಹೋಗುವ ನಿಮ್ಮ ಮುಂದೆ ಕೂರುವವರು ‘ಫಲಾನುಭವಿ’ಗಳಲ್ಲ, ಆ ನೀರನ್ನು ಕಾಯುವ ಕಾನೂನಿನ ಅಧಿಕಾರ ಇರುವವರು.

ಅನುಮತಿ ಎರಡು ಕಡೆಯಿಂದ ಬೇಕು. ಅಭಯಾರಣ್ಯದಲ್ಲಿ ಸಂಶೋಧನೆಗೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು, ಇದು ಎಲ್ಲರಿಗೂ ಗೊತ್ತು. ಇಲಾಖೆಯ ಆ ಕಾಗದ ಪೋಡಿನ ಒಪ್ಪಿಗೆಯ ಬದಲಿಗೆ ಬರುವುದಿಲ್ಲ. ಗ್ರಾಮಸಭೆಯಲ್ಲಿ ನಿಂತು, ಏನು ಮಾಡುತ್ತೇವೆ, ಎಷ್ಟು ದಿನ, ಯಾರ ದುಡ್ಡು ಅಂತ ಹೇಳಿ, ಅವರು ‘ಬೇಡ’ ಅಂದರೆ ವಾಪಸು ಬರುವ ಮನಸ್ಸಿದ್ದರೆ ಮಾತ್ರ ಹೋಗಿ. ‘ಬೇಡ’ ಅನ್ನಲು ಜಾಗವಿಲ್ಲದ ಕಡೆ ‘ಹೂಂ’ ಅಂದದ್ದಕ್ಕೂ ಬೆಲೆಯಿಲ್ಲ.

ಇಲ್ಲೊಂದು ಗಂಭೀರ ಎಚ್ಚರಿಕೆ. ಅಭಯಾರಣ್ಯದೊಳಗೆ ಮೀನು ಹಿಡಿದದ್ದು ಕೇಸಾಗಬಹುದು. ನಿಮ್ಮನ್ನು ನಂಬಿ ಒಬ್ಬರು ಯಾವ ಮಡುವಿನಲ್ಲಿ, ಯಾವ ತಿಂಗಳು, ಕೂಳಿ (ಮೀನು ಹಿಡಿಯುವ ಬುಟ್ಟಿ) ಹೇಗೆ ಇಡುತ್ತೇವೆ ಅಂತ ಹೇಳಿದ್ದನ್ನು ಹೆಸರು ಸಮೇತ ಬರೆದಿಟ್ಟರೆ ಅದು ನಾಳೆ ಅವರ ಮೇಲಿನ ಸಾಕ್ಷಿಯಾಗಬಹುದು. ಹೆಸರಿನ ಜಾಗದಲ್ಲಿ ಅಂಕಿ ಬರೆಯಿರಿ. ಆ ಅಂಕಿ ಯಾರದು ಎಂಬ ಪಟ್ಟಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಬೇಡ.

2. ಮೊದಲ ಸಲ ಬರಿಗೈಯಲ್ಲಿ ಹೋಗಿ

ನಾನು ಮೊದಲ ಸಲ ಒಂದು ಹಾಡಿಗೆ ಹೋದಾಗ ಕೈಯಲ್ಲಿ ನಾಲ್ಕು ಪುಟದ ಪ್ರಶ್ನಾವಳಿ ಇತ್ತು. ಮೂರನೇ ಪ್ರಶ್ನೆ ಕೇಳುವಷ್ಟರಲ್ಲಿ ಅಜ್ಜಿಯೊಬ್ಬರು, “ಹೋದ ಸಲ ಬಂದೋರಿಗೂ ಇದನ್ನೇ ಹೇಳಿದ್ನಲ್ಲ ಮಗಾ, ಅವ್ರು ಬರಕೊಂಡು ಹೋದ ಬುಕ್ಕು ಏನಾಯ್ತು?” ಅಂದರು. ಆ ಬುಕ್ಕು ಏನಾಯಿತೆಂದು ನನಗೆ ಗೊತ್ತಿರಲಿಲ್ಲ. ಅವತ್ತು ಪ್ರಶ್ನಾವಳಿ ಮಡಚಿಟ್ಟೆ. ಈ ಲೇಖನದಲ್ಲಿರುವುದು ಹೆಚ್ಚಿನಂಶ ಆ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಕಲಿತದ್ದು.

ಮೊದಲ ಎರಡು-ಮೂರು ಸಲ ಸುಮ್ಮನೆ ಹೋಗಿ, ಜೊತೆಗೆ ನಡೆಯಿರಿ. ಯಾವಾಗ ಹೋಗಬೇಕೆಂದು ಅವರನ್ನೇ ಕೇಳಿ. ಜೇನಿನ ಕಾಲದಲ್ಲಿ, ಕಾಫಿ ಕೊಯ್ಲಿನ ಕೂಲಿಯ ದಿನಗಳಲ್ಲಿ, ಸೋಲಿಗರ ರೊಟ್ಟಿ ಹಬ್ಬದ ಸಮಯದಲ್ಲಿ ಸಭೆ ಕರೆದರೆ ಬರುವವರು ಬಾರದವರ ಮನೆಯ ಮಕ್ಕಳಷ್ಟೇ. ಯಜಮಾನರನ್ನು ಮೊದಲು ಕಾಣುವುದು ಮರ್ಯಾದೆ. ಅಲ್ಲಿಗೇ ನಿಲ್ಲಬೇಡಿ. ಬೇಸಿಗೆಯಲ್ಲಿ ಯಾವ ಒರತೆ ಯಾವ ವಾರ ಬತ್ತುತ್ತದೆ ಎಂಬುದು ಕೊಡ ಹೊರುವ ಹೆಂಗಸರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ. ಏಡಿ ಎಲ್ಲಿ ಸಿಗುತ್ತದೆ ಅಂತ ಮಕ್ಕಳನ್ನು ಕೇಳಿ.

ಕನ್ನಡ ಬಲ್ಲ ನಮಗೆ ಮಾತ್ರ ಇರುವ ಒಂದು ಅಪಾಯ ಇದೆ. ಸೋಲಿಗರ ನುಡಿ, ಜೇನುಕುರುಬರ ನುಡಿ ಕಿವಿಗೆ ನಮ್ಮ ಕನ್ನಡದ ಹಾಗೇ ಕೇಳಿಸುತ್ತವೆ. ಅರ್ಥವಾಯಿತು ಅಂತ ತಲೆಯಾಡಿಸುತ್ತೇವೆ, ಅರ್ಧ ಮಾತ್ರ ಅರ್ಥವಾಗಿರುತ್ತದೆ. ದುಭಾಷಿ ಬೇಕೆಂಬುದು ಜರ್ಮನಿಯಿಂದ ಬಂದವರಿಗೆ ಹೊಳೆಯುತ್ತದೆ, ಮೈಸೂರಿನಿಂದ ಬಂದವರಿಗೆ ಹೊಳೆಯುವುದಿಲ್ಲ. ನೀರಿಗೆ ಸಂಬಂಧಿಸಿದ ಪ್ರತಿ ಪದವನ್ನೂ ಸ್ಥಳದಲ್ಲೇ ನಿಂತು, ಕೈ ತೋರಿಸಿ, ಇದೇನಾ ಅಂತ ಕೇಳಿ ಬರೆದುಕೊಳ್ಳಿ.

3. ಪ್ರಶ್ನೆ ಅವರದಾಗಿರಲಿ

ನಿಮಗೆ ಅಪರೂಪದ ಮೀನಿನ ಮೇಲೆ ಆಸೆ ಇರಬಹುದು. ಅವರಿಗೆ ಮೇಲಿನ ತೋಟದಿಂದ ಹಳ್ಳಕ್ಕೆ ಇಳಿಯುವ ಔಷಧಿಯ ಚಿಂತೆ ಇರಬಹುದು. ಮೊದಲು ಅವರ ಚಿಂತೆಯ ಕೆಲಸ ಹಿಡಿಯಿರಿ.

ಅಮೆರಿಕದ ಕ್ಲಾಮತ್ ನದಿಯ ಕಥೆ ಇದಕ್ಕೆ ದೊಡ್ಡ ಪಾಠ. 2002ರ ಸೆಪ್ಟೆಂಬರ್‌ನಲ್ಲಿ ಆ ನದಿಯ ಕೆಳಭಾಗದಲ್ಲಿ 30,000ಕ್ಕೂ ಹೆಚ್ಚು ಮೀನುಗಳು ಸತ್ತು ದಡ ಸೇರಿದವು, ಅವುಗಳಲ್ಲಿ ಬಹುಪಾಲು ಸಾಲ್ಮನ್. ನೀರು ಕಡಿಮೆ, ಬಿಸಿ ಹೆಚ್ಚು, ಇಕ್ಕಟ್ಟಿನಲ್ಲಿ ರೋಗ. ಯುರೋಕ್, ಕರುಕ್ ಮುಂತಾದ ಬುಡಕಟ್ಟುಗಳಿಗೆ ಸಾಲ್ಮನ್ ಅನ್ನವೂ ಹೌದು, ಹಬ್ಬವೂ ಹೌದು. ‘ಅಣೆಕಟ್ಟು ಇರುವಾಗ ಮೀನನ್ನು ಹೇಗೆ ನಿಭಾಯಿಸುವುದು’ ಎಂಬ ಪ್ರಶ್ನೆಗೆ ಅವರು ತೃಪ್ತರಾಗಲಿಲ್ಲ. ‘ಅಣೆಕಟ್ಟು ಯಾಕಿರಬೇಕು’ ಅಂತ ಕೇಳಿದರು. ಯುರೋಕರು ತಮ್ಮದೇ ಮೀನುಗಾರಿಕೆ ಇಲಾಖೆ ಕಟ್ಟಿ, ಜೀವವಿಜ್ಞಾನಿಗಳನ್ನು ಕೆಲಸಕ್ಕೆ ಇಟ್ಟುಕೊಂಡು, ಲೆಕ್ಕ ಇಟ್ಟರು. ಎರಡು ದಶಕ ಹಿಡಿಯಿತು. 2023 ಮತ್ತು 2024ರಲ್ಲಿ ನಾಲ್ಕು ಅಣೆಕಟ್ಟುಗಳನ್ನು ಒಡೆದರು, 2024ರ ಅಕ್ಟೋಬರ್‌ನಲ್ಲಿ ಸಾಲ್ಮನ್‌ಗಳು ನೂರಕ್ಕೂ ಹೆಚ್ಚು ವರ್ಷ ಕಾಣದಿದ್ದ ಮೇಲಿನ ಹೊಳೆಗಳಿಗೆ ಹತ್ತಿದವು. ಮುಳುಗಡೆಯಾಗಿದ್ದ ನೆಲಕ್ಕೆ ಬಿತ್ತಲು ಸ್ಥಳೀಯ ಗಿಡಗಳ ಬೀಜಗಳನ್ನು ಯುರೋಕ್ ತಂಡಗಳೇ ವರ್ಷಗಟ್ಟಲೆ ಕೂಡಿಸಿಟ್ಟಿದ್ದವು. ವಿಜ್ಞಾನಿಗಳ ಪ್ರಶ್ನೆಯಷ್ಟೇ ಇದ್ದಿದ್ದರೆ ಇವತ್ತೂ ಅಲ್ಲಿ ಅಣೆಕಟ್ಟಿನ ಕೆಳಗಿನ ನೀರಿನ ಉಷ್ಣತೆ ಅಳೆಯುತ್ತಿರುತ್ತಿದ್ದರು ಅನ್ನುವುದು ನನ್ನ ಖಚಿತ ನಂಬಿಕೆ.

4. ಹೇಳಿಸಿಕೊಳ್ಳುವ ಮೊದಲು ಒಪ್ಪಂದ

ಕೇರಳದ ಕಾಣಿ ಬುಡಕಟ್ಟಿನವರು 1987ರಲ್ಲಿ, ತಮ್ಮ ಜೊತೆ ಕಾಡು ಸುತ್ತುತ್ತಿದ್ದ ವಿಜ್ಞಾನಿಗಳಿಗೆ ದಣಿವು ಕಳೆಯುವ ಆರೋಗ್ಯಪಚ್ಚೆ ಗಿಡವನ್ನು ತೋರಿಸಿಕೊಟ್ಟರು. ಅದರಿಂದ ಔಷಧ ತಯಾರಾಯಿತು. ಬಂದ ಹಣದಲ್ಲಿ ಅರ್ಧ ಕಾಣಿಗಳಿಗೆ ಎಂದು ತೀರ್ಮಾನವಾಯಿತು, ಇಡೀ ಜಗತ್ತು ಇದನ್ನು ಮಾದರಿ ಎಂದು ಕೊಂಡಾಡಿತು. ಆದರೆ ಆ ಹಣ ಪಡೆಯಲು ಕಾಣಿಗಳ ಟ್ರಸ್ಟ್ ಹುಟ್ಟಿದ್ದು 1997ರಲ್ಲಿ. ಗುಟ್ಟು ಹೊರಬಿದ್ದದ್ದಕ್ಕೂ ಅದನ್ನು ಹೇಳಿದವರ ಕಡೆಯಿಂದ ಕೂರಲು ಒಂದು ಸಂಸ್ಥೆ ಆದದ್ದಕ್ಕೂ ನಡುವೆ ಹತ್ತು ವರ್ಷ. ನೀವು ಈ ಕ್ರಮವನ್ನು ತಿರುಗಿಸಿ.

ಕೆನಡಾದ ಮೂಲನಿವಾಸಿಗಳು 1998ರಿಂದ ನಾಲ್ಕು ಮಾತು ಹೇಳುತ್ತ ಬಂದಿದ್ದಾರೆ: ನಮ್ಮ ಬಗೆಗಿನ ಮಾಹಿತಿಯ ಒಡೆತನ ನಮ್ಮದು, ನಿಯಂತ್ರಣ ನಮ್ಮದು, ಬೇಕೆಂದಾಗ ನೋಡುವ ಹಕ್ಕು ನಮ್ಮದು, ಅದು ಇರಬೇಕಾದದ್ದೂ ನಮ್ಮ ಹತ್ತಿರ. ನಮ್ಮ ಒಪ್ಪಂದಕ್ಕೆ ಇಷ್ಟೇ ಸಾಕು, ಒಂದು ಪುಟ, ಕನ್ನಡದಲ್ಲಿ. ಏನು ಅಳೆಯುತ್ತೇವೆ, ಮೂಲ ನೋಟ್‌ಬುಕ್ಕು ಎಲ್ಲಿರುತ್ತದೆ, ಫೋಟೊ ಯಾರು ಬಳಸಬಹುದು, ಯಾವುದನ್ನು ಎಂದಿಗೂ ಅಚ್ಚು ಮಾಡುವುದಿಲ್ಲ, ಪ್ರಬಂಧದಲ್ಲಿ ಯಾರ ಹೆಸರು ಬರುತ್ತದೆ, ನಡುವೆ ಬೇಡವೆನಿಸಿದರೆ ನಿಲ್ಲಿಸುವುದು ಹೇಗೆ. ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ. ಒಂದು ವಾರ ಬಿಟ್ಟು ಬನ್ನಿ. ಅವತ್ತೇ ಹೆಬ್ಬೆಟ್ಟು ಒತ್ತಿಸಿಕೊಂಡು ಬರಬೇಡಿ.

ಕೂಲಿಯ ಮಾತೂ ಇಲ್ಲೇ ಮುಗಿಯಬೇಕು. ದಾರಿ ತೋರಿಸುವವರಿಗೆ, ಅಳತೆ ಬರೆಯುವವರಿಗೆ ದಿನಗೂಲಿ ಕೊಡಿ, ಗಂಡಸರಿಗೂ ಹೆಂಗಸರಿಗೂ ಒಂದೇ ದರ, ಅದೇ ದಿನ ಕೈಗೆ. ಅನುದಾನದ ಕಂತು ಬಂದಿಲ್ಲ ಎಂಬ ಕಾರಣ ಅವರ ಒಲೆಗೆ ಗೊತ್ತಿಲ್ಲ.

5. ಹೆಸರುಗಳಿಂದ ನಕ್ಷೆ

ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು, ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಒಟ್ಟಿಗೆ ನಡೆದು, ಜಿಪಿಎಸ್ ಹಿಡಿದು, ಸುಮಾರು ಐನೂರು ಪವಿತ್ರ ಸ್ಥಳಗಳನ್ನು ಗುರುತಿಸಿದರು. ಒಂದೊಂದು ಕುಲಕ್ಕೂ ತನ್ನ ಎಲ್ಲೆ, ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ ಮತ್ತು ಅಬ್ಬಿ. ಅಬ್ಬಿ ಅಂದರೆ ನೀರಿನ ತಾಣ. ಜಲತಜ್ಞರು ನಕ್ಷೆಯಲ್ಲಿ ನೀಲಿ ಗೆರೆ ಎಳೆದು ‘ಎರಡನೇ ದರ್ಜೆಯ ತೊರೆ’ ಅನ್ನುವ ಕಡೆ ಒಂದು ಕುಲದ ಅಬ್ಬಿ ಇರುತ್ತದೆ, ಅದನ್ನು ನೋಡಿಕೊಳ್ಳುವವರು ಇರುತ್ತಾರೆ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮರ, ಹೊಳೆ, ದೇವರು ಮೂರೂ ಒಂದೇ ಜಾಗ.

ನಕ್ಷೆಯ ಕೆಲಸ ಹೀಗೆ ಮಾಡಿ. ನೆಲದ ಮೇಲೆ ಸುಣ್ಣ, ಇದ್ದಿಲು, ಕಲ್ಲುಗಳಿಂದ ಅವರೇ ಹಳ್ಳಗಳನ್ನು ಬಿಡಿಸಲಿ. ಜಗಳವಾಗಲಿ, ಒಬ್ಬರು ಅಳಿಸಿ ಇನ್ನೊಬ್ಬರು ತಿದ್ದಲಿ. ಆಮೇಲೆ ಕಾಗದಕ್ಕೆ ಇಳಿಸಿ, ಕೊನೆಗೆ ನಡೆದು ಹೋಗಿ ಜಿಪಿಎಸ್ ಬಿಂದು ತೆಗೆಯಿರಿ. ಮಡು, ಒರತೆ, ಸೀಳು, ಜೌಗು, ಆನೆ ಇಳಿಯುವ ದಾರಿ, ಎಲ್ಲಕ್ಕೂ ಅವರ ಹೆಸರೇ ಇರಲಿ. ಎಷ್ಟೋ ಸಲ ಹೆಸರಲ್ಲೇ ಹಳೆಯ ದಾಖಲೆ ಅಡಗಿರುತ್ತದೆ; ಈಗ ಮೀನೇ ಇಲ್ಲದ ಮಡುವಿಗೆ ಮೀನಿನ ಹೆಸರಿದ್ದರೆ ನಿಂತು ಕೇಳಬೇಕು. ಯಾವ ಜಾಗ ನಕ್ಷೆಯಲ್ಲಿ ಬರಬಾರದು ಅನ್ನುವುದನ್ನೂ ಅವರೇ ಹೇಳಲಿ. ಗುಪ್ತವಾಗಿರಬೇಕಾದ ಅಬ್ಬಿಯ ಬಿಂದು ಇಂಟರ್‌ನೆಟ್ಟಿಗೆ ಹೋದರೆ ಬೇಸಿಗೆ ರಜೆಗೆ ಜೀಪುಗಳು ಬರುತ್ತವೆ.

ಮೀನಿನ ಹೆಸರಿನ ವಿಷಯದಲ್ಲಿ ಕಾವೇರಿಯ ಬಿಳಿಮೀನನ್ನು ಮರೆಯಬೇಡಿ. ಬ್ರಿಟಿಷರ ಕಾಲದಿಂದ ಗಾಳದವರು ದೂರದೂರದಿಂದ ಹುಡುಕಿಕೊಂಡು ಬರುತ್ತಿದ್ದ ಡುಬ್ಬದ ಮಹಶೀರ್ ಅದು. ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿಯೈ ಎಂದು ಗಟ್ಟಿಯಾಗಿದ್ದು 2018ರಲ್ಲಿ, ಅದೇ ವರ್ಷ ಅದು ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಗೆ ಸೇರಿತು. ಅಷ್ಟರಲ್ಲಿ, ಮಹಶೀರ್ ಹೆಚ್ಚಿಸುತ್ತೇವೆ ಅಂತ ಮರಿ ಕೇಂದ್ರದಿಂದ ತಂದು ಬಿಟ್ಟ ನೀಲಿರೆಕ್ಕೆಯ ಬೇರೆ ಮಹಶೀರ್ ನದಿಯ ತುಂಬ ಆಗಿಹೋಗಿತ್ತು. ದಡದ ಜನರಿಗೆ ಎರಡು ಹೆಸರಿದ್ದರೆ ಎರಡು ಮೀನೇ ಎಂದು ಹಿಡಿದು ಶುರುಮಾಡಿ, ಒಂದೇ ಎಂದು ಸಾಬೀತಾಗುವವರೆಗೆ.

6. ಅಳತೆ: ಎರಡೂ ಕಣ್ಣಿನಿಂದ

ಅವರೇ ಮಾಡಬಲ್ಲ, ನೀವು ಹೋದ ಮೇಲೂ ನಡೆಯುವ ಅಳತೆಗಳನ್ನು ಆರಿಸಿ.

ಒರತೆಗೆ ಬಕೆಟ್ ಸಾಕು. 10 ಲೀಟರ್ ಬಕೆಟ್ 25 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 24 ಲೀಟರ್. ಪ್ರತಿ ಹುಣ್ಣಿಮೆ, ಅಮಾವಾಸ್ಯೆಗೆ ಅಳೆಯುವುದು ಅಂತ ಇಟ್ಟುಕೊಂಡರೆ ಯಾರೂ ದಿನ ಮರೆಯುವುದಿಲ್ಲ. ಹಳ್ಳಕ್ಕಾದರೆ ತಿರುವಿಲ್ಲದ 10 ಮೀಟರ್ ಜಾಗ ಹುಡುಕಿ, ಒಂದು ಕಿತ್ತಳೆ ಹಣ್ಣು ತೇಲಿಬಿಡಿ. ಅರ್ಧ ಮುಳುಗಿ ಹೋಗುವುದರಿಂದ ಗಾಳಿಗೆ ಸಿಗುವುದಿಲ್ಲ. 40 ಸೆಕೆಂಡ್ ತೆಗೆದುಕೊಂಡರೆ ವೇಗ ಸೆಕೆಂಡಿಗೆ 0.25 ಮೀಟರ್. ಹಳ್ಳ 1 ಮೀಟರ್ ಅಗಲ, ಸರಾಸರಿ 10 ಸೆಂಟಿಮೀಟರ್ ಆಳ ಇದ್ದರೆ ಮೂರನ್ನೂ ಗುಣಿಸಿ. ಮೇಲಿನ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ 0.85ರಿಂದ ಮತ್ತೊಮ್ಮೆ ಗುಣಿಸಿ. ಸೆಕೆಂಡಿಗೆ ಸುಮಾರು 21 ಲೀಟರ್ ಬರುತ್ತದೆ. ಮೂರು ಸಲ ಬಿಟ್ಟು ಸರಾಸರಿ ತೆಗೆಯಿರಿ. ಆಳವನ್ನು ಐದಾರು ಕಡೆ ಕೋಲಿಟ್ಟು ನೋಡಿ, ಹೆಚ್ಚಿನ ತಪ್ಪು ಆಗುವುದು ಅಲ್ಲೇ.

ನೀರಿನ ಗುಣಕ್ಕೆ ಕಲ್ಲು ಎತ್ತಿ ಅಡಿಯಲ್ಲಿ ನೋಡುವುದು ನನಗೆ ಅತ್ಯಂತ ಇಷ್ಟದ ಪದ್ಧತಿ. ಎರಡು ಬಾಲದ ಚಪ್ಪಟೆ ಹುಳ, ಹೊಟ್ಟೆಯ ಪಕ್ಕ ಕಿವಿರು ಆಡಿಸುವ ಮೂರು ಬಾಲದ ಹುಳ, ಮರಳು-ಎಲೆಚೂರಿನಿಂದ ಗೂಡು ಕಟ್ಟಿಕೊಂಡ ಹುಳ ಸಿಕ್ಕರೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ. ಬರೀ ಕೆಂಪು ದಾರದಂಥ ಹುಳಗಳೇ ತುಂಬಿದ್ದರೆ ಮೇಲುಗಡೆ ಏನೋ ಕೆಟ್ಟಿದೆ. ಹುಳಗಳಿಗೆ ಹಾಡಿಯಲ್ಲಿ ಹೆಸರಿದ್ದರೆ ಅದೇ ಹೆಸರಿನ ಚಿತ್ರಪಟ ಮಾಡಿ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಮಗುಚಿಡಿ.

ಇವು ನಮ್ಮ ಕಣ್ಣಿನ ಅಳತೆ. ಅವರ ಕಣ್ಣಿನದಕ್ಕೆ ನ್ಯೂಜಿಲೆಂಡಿನಲ್ಲಿ ಒಳ್ಳೆಯ ದಾರಿ ಹಾಕಿಕೊಟ್ಟಿದ್ದಾರೆ. ದಕ್ಷಿಣ ದ್ವೀಪದ ನಾಯ್ ತಾಹು ಮಾವೊರಿಗಳ ಜೊತೆ ಗೇಲ್ ಟಿಪಾ ಮತ್ತು ಲಾರೆಲ್ ಟಿಯರ್ನಿ ಟಾಯೆರಿ ನದಿಯಲ್ಲಿ ರೂಪಿಸಿದ, 2003ರಲ್ಲಿ ಹೊರಬಂದ ಸಾಂಸ್ಕೃತಿಕ ಆರೋಗ್ಯ ಸೂಚ್ಯಂಕವೇ ಅದು. ಹಿರಿಯರು ನದಿಯ ಒಂದು ಜಾಗದಲ್ಲಿ ನಿಂತು ಮೂರು ಭಾಗಗಳಲ್ಲಿ ಉತ್ತರಿಸುತ್ತಾರೆ. ಇದು ಹಿಂದಿನಿಂದ ನಮ್ಮ ಮುಖ್ಯ ಜಾಗವೇ, ಮತ್ತೆ ಇಲ್ಲಿಗೆ ಬರುತ್ತೇವೆಯೇ? ಇಲ್ಲಿ ಸಿಗುತ್ತಿದ್ದ ಆಹಾರ ಈಗಲೂ ಇದೆಯೇ, ಅದನ್ನು ಕೂಡಿಸಿಕೊಳ್ಳಲು ದಾರಿ ಇದೆಯೇ? ಹೊಳೆಯ ದಡ, ಹರಿವು, ತಿಳಿ, ತಳ ಹೇಗಿವೆ, 1ರಿಂದ 5ರೊಳಗೆ ಅಂಕ. ಕೊನೆಗೆ ‘ಎ-1/2.9/4.1’ ಎನ್ನುವಂಥ ಒಂದು ಗುರುತು ಬರುತ್ತದೆ: ‘ಎ’ ಅಂದರೆ ಹಿಂದಿನಿಂದ ನಮ್ಮ ಜಾಗ, ‘1’ ಅಂದರೆ ಮತ್ತೆ ಬರುತ್ತೇವೆ, ಆಮೇಲಿನ ಎರಡು ಆಹಾರದ ಅಂಕ ಮತ್ತು ಹೊಳೆಯ ಅಂಕ. ಹುಳ-ರಸಾಯನದ ಅಳತೆಗಳ ಜೊತೆ ಇದನ್ನು ಹೋಲಿಸಿಯೂ ನೋಡಿದರು.

‘ಮತ್ತೆ ಇಲ್ಲಿಗೆ ಬರುತ್ತೀರಾ?’ ಎಷ್ಟು ಸರಳ ಪ್ರಶ್ನೆ. ಪಿಎಚ್ 7.2 ಇದ್ದು, ಆಮ್ಲಜನಕ ಸರಿಯಿದ್ದು, ಬೇಲಿ ಬಿದ್ದು ಯಾರೂ ಇಳಿಯಲಾಗದ ಹೊಳೆಗೆ ನಮ್ಮ ಮೀಟರು ಪೂರ್ತಿ ಅಂಕ ಕೊಡುತ್ತದೆ. ಈ ಪ್ರಶ್ನೆ ಕೊಡುವುದಿಲ್ಲ.

ಇದನ್ನು ಎತ್ತಿ ತಂದು ಇಲ್ಲಿ ಅಂಟಿಸಬೇಡಿ. ನಿಮ್ಮ ಹಾಡಿಯ ಹಿರಿಯರು ಒಳ್ಳೆಯ ನೀರನ್ನು ಹೇಗೆ ಗುರುತಿಸುತ್ತಾರೋ ಅದರಿಂದ ಪ್ರಶ್ನೆಗಳನ್ನು ಕಟ್ಟಿ. ಜಿಲೇಬಿ ಮೀನು ಬಂದ ಮೇಲೆ ಯಾವುದು ಹೋಯಿತು, ಏಡಿಯ ಬಿಲ ಎಲ್ಲಿಯವರೆಗೆ ಇದೆ, ಈ ನೀರನ್ನು ಕೂಸಿಗೆ ಕುಡಿಸುತ್ತೀರಾ.

7. ಎರಡು ಲೆಕ್ಕ ತಾಳೆಯಾಗದಿದ್ದಾಗ

ತಾಳೆಯಾಗದ ಸಂದರ್ಭ ಬಂದೇ ಬರುತ್ತದೆ. ತರಗುಬೆಂಕಿ (ನೆಲದ ಒಣ ಎಲೆಗೆ ಹಚ್ಚುವ ಸಣ್ಣ ಬೆಂಕಿ) ಹಾಕುವುದು ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿತು ಎಂಬುದು ಸೋಲಿಗರ ಮಾತು. ಕಾಡಿಗೆ ಬೆಂಕಿ ಅಂದರೆ ಅಪರಾಧ ಎಂದಷ್ಟೇ ತಿಳಿದಿದ್ದ ಸಂರಕ್ಷಣೆಯ ಲೋಕಕ್ಕೆ ಅದು ನುಂಗಲಾರದ ತುತ್ತಾಗಿತ್ತು. ಆ ಮಾತನ್ನು ಪರೀಕ್ಷಿಸಬಹುದಾದ ಊಹೆಯೆಂದು ತೆಗೆದುಕೊಂಡು ಕೆಲಸ ಮಾಡಿದ ಸಂಶೋಧಕರಿಂದ ಚರ್ಚೆಯ ದಿಕ್ಕೇ ಬದಲಾಯಿತು.

ಹೊಳೆಯಲ್ಲೂ ಹೀಗೇ. ಮೀನು ಕಡಿಮೆಯಾಗಿದೆ ಅಂತ ಅವರು, ಇಲ್ಲ ಅಂತ ನಿಮ್ಮ ಬಲೆ ಹೇಳಿದರೆ, ಮೊದಲು ನಿಮ್ಮ ಬಲೆಯ ಕಣ್ಣಿನ ಅಳತೆ, ಹಾಕಿದ ಹೊತ್ತು, ತಿಂಗಳು ನೋಡಿ. ನಿಮ್ಮದು ಎರಡು ವರ್ಷದ ಲೆಕ್ಕ, ಅವರದು ನಲವತ್ತು ವರ್ಷದ ನೆನಪು. ಆಮೇಲೆ ಅವರ ಜೊತೆ ಅದೇ ಮಡುವಿಗೆ ಅವರು ಹೇಳಿದ ಹೊತ್ತಿಗೆ ಹೋಗಿ. ಕೆಲವೊಮ್ಮೆ ನೆನಪೂ ತಪ್ಪಿರುತ್ತದೆ, ಅದನ್ನೂ ಮುಚ್ಚಿಡದೆ ಹೇಳಬೇಕು. ಹಿರಿಯರ ಮಾತನ್ನು ಪರೀಕ್ಷೆಯೇ ಇಲ್ಲದೆ ಪೂಜಿಸುವುದೂ ಅವರನ್ನು ಜೊತೆಗಾರರಾಗಿ ಕಾಣದ ಇನ್ನೊಂದು ಬಗೆ. ವರದಿಯಲ್ಲಿ ಎರಡೂ ಲೆಕ್ಕ ಅಕ್ಕಪಕ್ಕ ಇರಲಿ.

8. ಫಲಿತಾಂಶ ಮೊದಲು ಅವರಿಗೆ

ಪ್ರಬಂಧ ಕಳಿಸುವ ಮೊದಲು ಹಾಡಿಯಲ್ಲಿ ಓದಿ. ಗ್ರಾಫ್ ಬೇಡ. ಅಳೆದ ನೀರಿನಷ್ಟೇ ಬಕೆಟ್‌ಗಳನ್ನು ಸಾಲಾಗಿ ಇಟ್ಟು ತೋರಿಸಿ, ನಕ್ಷೆಯನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ. ತಪ್ಪಿದ್ದರೆ ತಿದ್ದುತ್ತಾರೆ, ಬರಬಾರದ ಮಾತಿದ್ದರೆ ತೆಗೆಸುತ್ತಾರೆ. ತೋಟದ ಔಷಧಿಯ ಪುರಾವೆ ಸಿಕ್ಕಿದ್ದರೆ, ಗ್ರಾಮಸಭೆಯ ಠರಾವಿಗೆ ಬೇಕಾದ ಹಾಗೆ ಎರಡು ಪುಟದ ಕನ್ನಡ ವರದಿ, ಪ್ರಯೋಗಾಲಯದ ಚೀಟಿ ಸಮೇತ ಕೊಡಿ. ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಗೆ ಯಾವುದು ಸೇರಬೇಕು ಎಂಬುದನ್ನು ಹಾಡಿಯವರೇ ತೀರ್ಮಾನಿಸಲಿ.

ಯೋಜನೆಯ ಕೊನೆಯ ತಿಂಗಳಲ್ಲಿ ನೀವು ಅಳೆಯಬೇಡಿ. ಅವರು ಅಳೆಯಲಿ, ನೀವು ದಡದಲ್ಲಿ ಕೂತು ನೋಡಿ. ಎಲ್ಲಿ ತೊಡರುತ್ತದೋ ಅಲ್ಲಿ ಪದ್ಧತಿಯನ್ನು ಸರಳ ಮಾಡಿ. ಬಕೆಟ್, ಟೇಪು, ಗಡಿಯಾರ, ಹುಳಗಳ ಚಿತ್ರಪಟ ಅಲ್ಲೇ ಬಿಟ್ಟು ಬನ್ನಿ. ನಿಮಗೆ ಬೇಕಾದ್ದನ್ನು ಪ್ರತಿ ಮಾಡಿಕೊಂಡು, ಮೂಲ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಹೊದಿಕೆ ಹಾಕಿ, ಗ್ರಾಮಸಭೆ ಹೇಳಿದ ಮನೆಯಲ್ಲಿ, ಹೊಗೆ ತಾಗದ ಗೂಡಿನಲ್ಲಿ ಇಡಿ. ಮುಂದಿನ ಸಲ ಬೇರೆ ಯಾರೋ ಪ್ರಶ್ನಾವಳಿ ಹಿಡಿದು ಬಂದಾಗ ಆ ಮನೆಯ ಅಜ್ಜಿ ಅದನ್ನು ತೆಗೆದು ಮುಂದಿಡಬಹುದು.